ಕುಡುಕ ಅಲ್ಲ, ಕಳ್ಳ ಅಲ್ಲ, ಇಂಥ ಪಾಸ್ಟರ್ ಸಾಕ್ಷಿ ಯಾರ್ ಓದ್ತಾರ್ರಿ?

ಮಗ್ಗದಮನಿ (ಬಾಗಲಕೋಟಿ)

ಎಲ್ಲಾರಿಗೂ ವಂದನೆಗಳು. ನಾ ಬಾಗಲಕೋಟಿ ಜಿಲ್ಲಾದಾಗ ಸಭಾಪಾಲಕ, ಅಂದ್ರ ಚರ್ಚಿನ ಪಾಸ್ಟರ್ ಅದೇನ್ರಿ, ಇನ್ನ ಎರಡ ವರ್ಷಕ್ಕ ರಿಟೈರ್. ಮೊದಲಿಂದ ಡೈರಿ ಬರಿಯೋ ಚಟ, ಹೊಸ ವರ್ಷಕ್ಕ ಇನ್ಶೂರೆನ್ಸ್ ಏಜೆಂಟರು ಪುಕ್ಕಟ ಕೊಡತಾರಲ್ಲ ಆ ಡೈರಿ, ಅಂಥಾವ 22 ಕೂಡ್ಯಾವ. ಈಗ ಮಗಾ ಲ್ಯಾಪ್‌ಟಾಪಿನ್ಯಾಗ ಕನ್ನಡ ಟೈಪ್ ಮಾಡೂ ನುಡಿ ಸಾಫ್ಟ್‌ವೇರ್ ಹಾಕಿ ಕೊಟ್ಟಾನ, "ಪಪ್ಪಾ ಒಂದ ಪುಸ್ತಕ ಮಾಡ್ರಿ" ಅಂತ ಗಂಟ ಬಿದ್ದಾನ. ನಾನೂ ಕುಂತು 140 ಪೇಜ್ ಟೈಪ್ ಮಾಡಿದ್ನಿ, ಮೊನ್ನೆ ಒಂದ ಸಲ ಮೊದಲಿಂದ ಓದಿ ನೋಡಿದ್ರ ನನಗ ನಿದ್ದಿ ಬಂತು, ಖರೇನ ಹೇಳಾಕತ್ತೇನಿ.

ಯಾಕಂದ್ರ ನಂದು ಎಂಥಾ ಸಾಕ್ಷಿ (ದೇವರ ಮ್ಯಾಲ ನಂಬಿಗಿ ಹೆಂಗ ಬಂತು ಅನ್ನೂ ಕಥಿ) ಅಂತೀರಿ, ನಾ ಕುಡುಕ ಇರ್ಲಿಲ್ಲ, ಜೇಲಿಗೆ ಹೋಗಿರ್ಲಿಲ್ಲ, ರೋಗ ಬಂದು ಪವಾಡ ಆಗಿ ಎದ್ದಾಂವ ಅಲ್ಲ. ಹುಟ್ಟಿದ್ದ ಗುಳೇದಗುಡ್ಡದ ಕ್ರಿಶ್ಚನ್ ಮನಿಯಾಗ. ಬಾಸೆಲ್ ಮಿಶನ್ನಿನವರು (ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥಾದವರು) ನಮ್ಮೂರಿಗೆ ಬಂದದ್ದು 1851ರಾಗ, ನಮ್ಮ ಮುತ್ಯಾನ ಮುತ್ಯಾನ ಕಾಲಕ್ಕ ನಾವ್ ಸಭಾದಾಗ ಇದ್ವಿ. ಮುತ್ಯಾ ಖಣ ನೇಯತಿದ್ದ, ಕುಣಿಮಗ್ಗದಾಗ ಕಾಲ ಇಳಿಬಿಟ್ಕೊಂಡು ಲಾಳಿ ಒಗೀತಾ ಗೀತಗಳನ್ನ ಹಾಡಾಂವ, ಅಡ್ಡತುಳಿ ಒತ್ತಿದ್ದಕ್ಕ ತಾಳ ಬೀಳತಿತ್ತು, ಎಷ್ಟೋ ವರ್ಷ ನಾ ಆ ಹಾಡಿಗೆ ಮಗ್ಗದ ಸಪ್ಪಳಾನೂ ಸೇರೇತಿ ಅಂದ್ಕೊಂಡಿದ್ನಿ. ಆಯಿಗೆ ಓದಾಕ ಬರ್ತಿರ್ಲಿಲ್ಲ, ಆದ್ರ ಬೈಬಲ್‌ದಾಗಿನ ಕೀರ್ತನೆಗಳು ಅರ್ಧಕ್ಕರ್ಧ ಬಾಯಿಪಾಠ. ಇಷ್ಟ. ನನ್ನ ನಂಬಿಗಿ ಬಂದದ್ದ ಹಂಗ. ಗುಡುಗಿಲ್ಲ ಮಿಂಚಿಲ್ಲ.

1989ರಾಗ ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೆ ಹೋಗ್ತೇನಿ ಅಂದಾಗ ಅಪ್ಪ ಕೇಳಿದ್ದ ಒಂದ ಮಾತ, "ಪಾಸ್ಟರಗ ಪಗಾರ ಎಷ್ಟ ಅಂತ ಕೇಳಿಯೇನು?" ಕೇಳಿರ್ಲಿಲ್ಲ. ಅಲ್ಲಿ ಮೊದಲ್ನೇ ವರ್ಷ ಮಳಿ ನೋಡಿ ಹೆದರಿ, ಮೀನಸಾರು ನೋಡಿ ಹೆದರಿ, ರೊಟ್ಟಿ ಸಿಗದ ಸೊರಗಿ ಹೋಗಿದ್ನಿ. ನನ್ನ ಕನ್ನಡಕ್ಕ ಗೆಳ್ಯಾರು ನಗತಿದ್ರು, ಅವರ ಕನ್ನಡಕ್ಕ ನಾ ನಗತಿದ್ನಿ. ಅಲ್ಲೇ ಕಲ್ತದ್ದು ಈ ಪ್ರಸಂಗದ, ಅಂದ್ರ ಚರ್ಚಿನ ಉಪದೇಶದ ಕನ್ನಡ, "ಪ್ರಿಯರೇ, ಕರ್ತನು ನಮ್ಮನ್ನು ಆತನ ಮಹಾಕೃಪೆಯಲ್ಲಿ" ಅಂತ ಶುರು ಆದ್ರ ನಿಲ್ಲೂದಿಲ್ಲ, ಈಗ 140 ಪೇಜೂ ಅದ ಆಗೇತಿ.

ಸೇವೆ ಅಂದ್ರನೂ ದೊಡ್ಡದೇನ ಮಾಡಿಲ್ರಿ. ಆಲಮಟ್ಟಿ ಹಿನ್ನೀರ ಬಂದು ಊರ ಮುಳುಗೋ ಮುಂದ ಮೊದಲ್ನೇ ಸಭಾದಾಗ ಇದ್ನಿ, ಪ್ರಸಂಗ ಬರದದ್ದಕ್ಕಿಂತ ಮುಳುಗಡಿ ಪರಿಹಾರದ ಅರ್ಜಿ ಬರದದ್ದ ಹೆಚ್ಚ. ಯಾವ ಜಾತಿ ಯಾವ ಧರ್ಮ ಅಂತಿಲ್ಲ, ಸಂಜಿಕೆ ಓಣಿ ಮಂದೆಲ್ಲಾ ಹೊಲದ ಉತಾರಿ ಹಿಡ್ಕೊಂಡು ಬರೋರು. ಮದವಿ, ಮಣ್ಣು, ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಸಭಾ ಕಮಿಟಿ ಜಗಳ, ಇಷ್ಟರಾಗ ಮೂವತ್ತ ವರ್ಷ ಹೋತು.

ಇನ್ನೊಂದ ಐತಿ, ಅದನ್ನ ಪುಸ್ತಕದಾಗ ಬರದಿಲ್ಲ. 2009ರ ಅಕ್ಟೋಬರ್ ಮಳಿಯಾಗ ನಮ್ಮ ಸಭಾದ ಒಂದ ಮನಿ ಬಿದ್ದು ಸಾವಾತು. ಅದಾದ ಮ್ಯಾಲ 14 ತಿಂಗಳ ನಾ ಪ್ರಾರ್ಥನಾ ಮಾಡಾಕ ಆಗ್ಲಿಲ್ಲ. ಆರಾಧನಾ ಕ್ರಮದ ಪುಸ್ತಕ ಹಿಡ್ದು ಓದಿದ್ನಿ, ಬಾಯಿ ಆಡತಿತ್ತು, ಒಳಗ ಏನೂ ಇರ್ಲಿಲ್ಲ. ಯಾರಿಗೂ ಹೇಳಿಲ್ಲ. ಇದನ್ನ ಬರೀಲೋ ಬ್ಯಾಡೋ? ಮತ್ತ ಪ್ರಿಂಟ್ ಮಾಡಸಬೇಕಂದ್ರ ಏನ ಮಾಡಬೇಕು, ಗೊತ್ತಿದ್ದವರು ಹೇಳ್ರಿ.

ಹಳೇ ಸೇವಕ (ವಿಜಯಪುರ)

ಸ್ತೋತ್ರ ಬ್ರದರ್. ನಾನೂ ಸೇವಾದೊಳಗ ಇದ್ದಾಂವ, ನಿಮಗಿಂತ ಹತ್ತ ವರ್ಷ ಹಿರಿಯ ಅಂತ ತಿಳ್ಕೊಂಡು ನೇರ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಪುಸ್ತಕ ಬರೀರಿ, ಆದ್ರ ಆ 14 ತಿಂಗಳ ವಿಷಯ ನಿಮ್ಮ ನಡುವ ದೇವರ ನಡುವ ಇರ್ಲಿ. ಸಭಾದಾಗ ಎಂಥೆಂಥ ಮಂದಿ ಇರ್ತಾರ, ಮನ್ಯಾಗ ಕ್ಯಾನ್ಸರ್ ಇಟ್ಕೊಂಡು ಪಾಸ್ಟರ್ ಪ್ರಾರ್ಥನಾ ಮಾಡ್ತಾರ ಅನ್ನೋ ಒಂದ ಧೈರ್ಯದ ಮ್ಯಾಲ ಕೂತಿರ್ತಾರ. "ಆವಾಗ ನನ್ನ ಒಳಗ ಏನೂ ಇರ್ಲಿಲ್ಲ" ಅಂತ ನೀವು ಅಚ್ಚು ಹಾಕ್ಸಿದ್ರ ಆ 14 ತಿಂಗಳದಾಗ ನೀವು ಮದವಿ ಮಾಡಿಸಿದವರು, ನೀರು ಹಾಕಿಸ್ಕೊಂಡ ಕೂಸುಗಳ ತಾಯಂದಿರು ಏನ ಅನ್ಕೋಬೇಕು? ಎಡವುಗಲ್ಲು ಆಗ್ತದ.

ಇನ್ನೊಂದು ಮಾತು, ಇದು ಭಾಳ ಮುಖ್ಯ. ನಿಮ್ಮ ಹಂಗ ಹುಟ್ಟಿನಿಂದ ಸಭಾದಾಗ ಇದ್ದವರ ಹೆಸರು ಹಾಕ್ರಿ ಅಡ್ಡಿಯಿಲ್ಲ, ಹೊಸದಾಗಿ ಬಂದವರ ಹೆಸರು ಊರು ಫೋಟೋ ಒಂದೂ ಹಾಕಬ್ಯಾಡ್ರಿ. 2021ರ ಡಿಸೆಂಬರ್‌ದಾಗ ಬೆಳಗಾವಿ ಸುವರ್ಣಸೌಧದೊಳಗ ಮತಾಂತರ ತಡಿಯೋ ಬಿಲ್ ವಿಧಾನಸಭಾದಾಗ ಪಾಸಾದ ದಿನಗಳು ನೆನಪ ಅದಾವಲ್ಲ, ಮನಿಮನಿ ಕೂಟ ನಡಸ್ಲಿಕ್ಕೂ ಮಂದಿ ಅಂಜತಿದ್ರು. ಕಾಯ್ದೆ ಇರ್ಲಿ ಬಿಡ್ಲಿ, ಅವರ ಬದುಕು ಅವರದು, ನಮ್ಮ ಪುಸ್ತಕಕ್ಕ ಅವರನ್ನ ಸಿಗಸಬಾರ್ದು.

ಪಾಸ್ಟರ್ ಮಗಳು (ಬೆಳಗಾವಿ, ಟಿಳಕವಾಡಿ)

ನಮಸ್ಕಾರ ಅಂಕಲ್. ನಾ ಸುಮ್ನ ಓದ್ಕೊಂಡ ಹೋಗೂಕಿ ಆದ್ರ ಇದಕ್ಕ ರಿಪ್ಲೈ ಮಾಡದ ಇರಾಕ ಆಗ್ಲಿಲ್ಲ, ನಮ್ಮ ಪಪ್ಪಾನೂ ಪಾಸ್ಟರ್, ಟ್ರಾನ್ಸ್‌ಫರ್ ಮ್ಯಾಲ ಟ್ರಾನ್ಸ್‌ಫರ್, ನಾ ಹತ್ತನೇತ್ತಾ ಮುಗಸೂದ್ರಾಗ ಐದ ಸಾಲಿ ನೋಡೇನಿ. ಪಾತ್ರೆ ಪಗಡಾ ಕಟ್ಟಿದ ಗೋಣಿಚೀಲ ಪೂರ್ತಿ ಬಿಚ್ಚೂ ಹೊತ್ತಿಗೆ ಮತ್ತ ಆರ್ಡರ್ ಬರೂದು.

ಮೊದಲ್ನೇದು, "ನಂದು ಎಂಥಾ ಸಾಕ್ಷಿ" ಅಂತೀರಲ್ಲ. ಸಂಡೇ ಸ್ಕೂಲಿನ್ಯಾಗ ನಮಗ ಕಲಿಸಿದ್ದ ನಾ ನಿಮಗ ಹೇಳಬೇಕಾತು. ಯೇಸುವಿನವರನ್ನ ಕಾಡತಿದ್ದ ಪೌಲ ದಮಸ್ಕದ ಹಾದ್ಯಾಗ ಬೆಳಕ ಕಂಡು ಬಿದ್ದು ನಂಬಿದ್ದು ಬೈಬಲ್‌ದ ಅಪೊಸ್ತಲರ ಕೃತ್ಯಗಳದಾಗ ಮೂರ ಸಲ ಬರ್ತೈತಿ, 9, 22, 26ನೇ ಅಧ್ಯಾಯ, ಅದಕ್ಕ ಎಲ್ಲಾರ್ಗೂ ಅದ ನೆನಪ. ಆದ್ರ ಅದ ಪೌಲ ತನ್ನ ಶಿಷ್ಯ ತಿಮೊಥೆಯಗ ಎರಡನೇ ಪತ್ರ ಬರೀವಾಗ ಏನಂತಾನ, ನಿನ್ನ ನಂಬಿಗಿ ಮೊದಲ ನಿಮ್ಮ ಅಜ್ಜಿ ಲೋವಿ ಹತ್ರ ಇತ್ತು, ಆಮ್ಯಾಲ ನಿಮ್ಮ ಅವ್ವ ಯೂನಿಕೆ ಹತ್ರ ಇತ್ತು ಅಂತಾನ. ತಿಮೊಥೆಯ ಯಾವ ಕುದ್ರಿ ಮ್ಯಾಲಿಂದ್ಲೂ ಬಿದ್ದಿಲ್ಲ (ಪೌಲನೂ ಕುದ್ರಿ ಮ್ಯಾಲ ಇದ್ದ ಅಂತ ಬೈಬಲ್‌ದಾಗ ಇಲ್ಲ, ಅದು ಚಿತ್ರ ತಗಿಯೋರ ಕೆಲಸ). ಓದಾಕ ಬರದ ನಿಮ್ಮ ಆಯಿ ನಮ್ಮ ಲೋವಿ ಅದಾಳ ಅಂಕಲ್, ಆಕಿ ಮ್ಯಾಲ ಎಷ್ಟ ಪೇಜ್ ಬರ್ದೀರಿ?

ಎರಡ್ನೇದು ಹೇಳಿದ್ರ ಸಿಟ್ಟ ಬರಬಹುದು. ಇಷ್ಟುದ್ದ ಬರ್ದೀರಿ, ಮುತ್ಯಾ ಬಂದಾನ, ಆಯಿ ಬಂದಾಳ, ಅಪ್ಪ ಬಂದಾನ, ಮಗಾ ಬಂದಾನ, ಏಜೆಂಟನೂ ಬಂದಾನ. ಆಂಟಿ ಎಲ್ಲಿ? ಮೂವತ್ತ ವರ್ಷ ಉತಾರಿ ಹಿಡ್ಕೊಂಡ ಬಂದ ಮಂದಿಗೆಲ್ಲಾ ಚಾ ಕಾಸಿದ್ದು ಯಾರು? ನಾ ಮರಾಠಿ ಮೀಡಿಯಮ್ ಗೆಳತಿ ಕಡೆಯಿಂದ ತಗೊಂಡು ಲಕ್ಷ್ಮೀಬಾಯಿ ಟಿಳಕ ಅವರ ಆತ್ಮಕಥಾ ಓದಿದ್ನಿ. ಅವರ ಗಂಡ ನಾರಾಯಣ ವಾಮನ ಟಿಳಕರು ದೊಡ್ಡ ಕವಿ, 1895ರಾಗ ಕ್ರಿಶ್ಚನ್ ಆದ್ರು, ಈಕಿ ಚಿತ್ಪಾವನ ಬ್ರಾಹ್ಮಣರಾಕಿ, ಕೆಲವ ವರ್ಷ ಬ್ಯಾರೆ ಇದ್ದು, ಅತ್ತು, ಗಂಡಗ ಬೈದು, 1900ರಾಗ ತಾನೂ ದೀಕ್ಷಾಸ್ನಾನ ತಗೊಂಡ್ಲು. ಒಂದೂ ಮುಚ್ಚಿಟ್ಟಿಲ್ಲ, ಮಡಿ ಮಾಡಿದ್ದು, ತನ್ನ ಹುಂಬತನ, ಗಂಡನ ಹುಚ್ಚಾಟ, ಎಲ್ಲಾ ನಗಸ್ಕೋತ ಬರ್ದಾಳ. ಆಕಿ ಸಾಲಿ ಕಲ್ತಾಕಿ ಅಲ್ಲ. ಕವಿಗಿಂತ ಕವಿಯ ಹೆಂಡ್ತಿ ಬರದದ್ದ ಮಂದಿ ಇವತ್ತಿಗೂ ಹುಡುಕಿ ಓದ್ತಾರ ನೋಡ್ರಿ.

ಮತ್ತ ಹಳೇ ಸೇವಕ ಅಂಕಲ್‌ಗೆ, ನಿಮ್ಮ ಬಗ್ಗೆ ಗೌರವ ಐತಿ, ಆದ್ರ ಪಾಸ್ಟರಗ ಒಳಗ ಖಾಲಿ ಆಗೂದು ಸಭಾಕ್ಕ ಗೊತ್ತ ಆಗಂಗಿಲ್ಲ ಅಂತ ತಿಳ್ಕೊಂಡೀರಿ ನೋಡ್ರಿ, ಅದು ಗಂಡಸರ ಭ್ರಮಾ. ನಮ್ಮ ಮಮ್ಮಿಗೆ ಪಪ್ಪಾನ ಚಪ್ಪಲ್ ಸಪ್ಪಳಕ್ಕ ಗೊತ್ತ ಆಗ್ತಿತ್ತು.

ಕನ್ನಡ ಮಾಸ್ತರ (ಜಮಖಂಡಿ)

ಪಾಸ್ಟರ್ ಸಾಹೇಬ್ರಿಗೆ ಶರಣು. ನಾನು ನಿಮ್ಮ ಧರ್ಮದವ ಅಲ್ಲ, ನಿವೃತ್ತ ಕನ್ನಡ ಮಾಸ್ತರ, ನಿಮ್ಮ ಪ್ರಶ್ನೆಯೊಳಗಿನ ಭಾಷಾದ ಮಾತಿಗೆ ಬಂದೆ. ನೀವು ಇಲ್ಲಿ ಟೈಪ್ ಮಾಡಿದ ಕನ್ನಡ ಓದಿ ನನಗ ನಿದ್ದಿ ಬರಲಿಲ್ಲ. "ಆ ಹಾಡಿಗೆ ಮಗ್ಗದ ಸಪ್ಪಳಾನೂ ಸೇರೇತಿ ಅಂದ್ಕೊಂಡಿದ್ನಿ" ಅಂತ ಬರದೀರಲ್ಲ, ಇದು ನಿಮ್ಮ 140 ಪೇಜಿನ ಒಳಗ ಅದ ಏನು? ಇಲ್ಲ ಅಂತ ನಾ ಪಣ ಕಟ್ಟತೀನಿ. ಇಲ್ಲಿ ಯಾರಿಗೋ ಸಲಹಾ ಕೇಳಬೇಕಾಗಿತ್ತು ಅಂತ ಮಾತಾಡಿದ್ರಿ, ಅಲ್ಲಿ ಪುಲ್ಪಿಟ್ ಹತ್ತೀರಿ, ಅಷ್ಟ ವ್ಯತ್ಯಾಸ.

ಪಾದ್ರಿಗಳು ಅಂದ್ರ ಹಂಗ ಬರೀಬೇಕು ಅಂತ ಯಾರು ಹೇಳಿದ್ರು ನಿಮಗ? ನಿಮ್ಮ ಬಳಗದಾಗ ಉತ್ತಂಗಿ ಚೆನ್ನಪ್ಪನವರು ಇದ್ರಲ್ರಿ. 1881ರಾಗ ಧಾರವಾಡದಾಗ ಹುಟ್ಟಿದವರು, ನಿಮ್ಮಂಗ ಮಂಗಳೂರಿಗೆ ಹೋಗಿ ದೇವಜ್ಞಾನ ಓದಿ ಪಾದ್ರಿ ಆಗಿ ಬಂದವರು. ಆ ಮನುಷ್ಯಾ ಸುವಾರ್ತೆಗೆ ಅಂತ ಊರೂರು ತಿರಗ್ಯಾಡಕೋತ ಏನ ಮಾಡಿದ್ರು, ಮಂದಿ ಬಾಯಾಗಿನ ಸರ್ವಜ್ಞನ ವಚನ ಬರ್ಕೊಂಡ್ರು, ಮಠಗಳಿಗೆ ಹೋಗಿ ತಾಳೆಗರಿ, ಹಸ್ತಪ್ರತಿ ಕೇಳಿ ತಗೊಂಡು ತಾಳೆ ನೋಡಿದ್ರು. 1924ಕ್ಕ ಸರ್ವಜ್ಞನ ವಚನಗಳು ಅಚ್ಚಾಗಿ ಬಂದ್ವು, ಸಾವಿರಗಟ್ಟಲೆ ತ್ರಿಪದಿ. ಇವತ್ತ ನಮ್ಮ ಹುಡುಗರು ಸಾಲ್ಯಾಗ ಸರ್ವಜ್ಞನ್ನ ಬಾಯಿಪಾಠ ಮಾಡ್ತಾರಂದ್ರ ಅದರ ಹಿಂದ ಒಬ್ಬ ಪಾದ್ರಿಯ ಕಾಲಿನ ಧೂಳ ಅದ. ಅನುಭವ ಮಂಟಪ ಅನ್ನೂದು ಇತ್ತೋ ಇಲ್ಲೋ ಅಂತ ವಾದ ಎದ್ದಾಗ, ಇತ್ತು ಅಂತ ಆಧಾರ ಹುಡುಕಿ ಬರದವರೂ ಅವರೇ, ನಮ್ಮ ಲಿಂಗಾಯತರು ಅವರಿಗೆ ಎಷ್ಟು ಋಣಿ ಆಗಿರಬೇಕು ಅನ್ನೂದು ನಮ್ಮವರಿಗೇ ಪೂರಾ ಗೊತ್ತಿಲ್ಲ. 1949ರಾಗ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರು. "ತಿರುಳ್ಗನ್ನಡದ ತಿರುಕ" ಅಂತ ಹೆಸರು. ತಿರುಕ ಅಂದ್ರ ಭಿಕ್ಷುಕ, ತಿಳೀತಲ್ಲ? ಮಂದಿ ಬಾಗಲದಾಗ ನಿಂತು ಕನ್ನಡ ಬೇಡಿಕೊಂಡಾಂವ.

ಅದಕ್ಕಿಂತ ಹಿಂದ ಕಿಟೆಲ್ ಸಾಹೇಬ್ರು. 1894ರ ನಿಘಂಟು ಎಲ್ಲಾರಿಗೂ ಗೊತ್ತು, ಆದ್ರ ಅವರು 1862ರಾಗನ ಯೇಸುವಿನ ಕಥಿ ನಮ್ಮ ಷಟ್ಪದಿ ಗಿಟ್ಪದಿ ದಾಟಿಯೊಳಗ ಕಟ್ಟಿ ನೋಡಿದ್ರು, ಜರ್ಮನಿಯಾಂವ! ಹೊರಗಿಂದ ಬಂದಾಂವ ನಮ್ಮ ದಾಟಿ ಹುಡುಕಿದ, ನೀವು ಗುಳೇದಗುಡ್ಡದಾಗ ಹುಟ್ಟಿ ನಿಮ್ಮ ದಾಟಿ ಬಿಟ್ಟೀರಿ. ತಪ್ಪ ತಿಳಕೋಬ್ಯಾಡ್ರಿ, ಸಾಲಿ ಮಾಸ್ತರನ ಚಟ, ಕೆಂಪು ಪೆನ್ನು ಕೈ ಬಿಡೂದಿಲ್ಲ.

ನನ್ನ ಸಲಹಾ ಒಂದ. 140 ಪೇಜ್ ಒಂದು ಕಡೆ ಇಡ್ರಿ, ಅಳಸಬ್ಯಾಡ್ರಿ. ಡೈರಿ ತಗೀರಿ, ಆ ಮಳಿ ದಿನದ್ದು ಒಂದು ಪುಟ ಇಲ್ಲಿ ಬರೀರಿ, ನಮಗ ಹೇಳಿದಂಗ. ಪುಸ್ತಕದಾಗ ಹಾಕೂದೋ ಬಿಡೂದೋ ಆಮ್ಯಾಲ.

ಡಿಟಿಪಿ ಕೆಲಸದಾಂವ (ವಿಜಯಪುರ)

ಸರ್ ಪ್ರಿಂಟಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ. ನುಡಿಯೊಳಗ ಟೈಪ್ ಮಾಡಿದ್ದು ಹಳೇ ಫಾಂಟಿನ್ಯಾಗ ಇದ್ರ ಈಗ್ಲೇ ಯೂನಿಕೋಡ್ ಮಾಡಿಸ್ರಿ, ಆದ್ರ ಕನ್ವರ್ಟ್ ಆದ ಮ್ಯಾಲ ಒತ್ತಕ್ಷರ ಅರ್ಕಾವತ್ತು ಅಲ್ಲಲ್ಲಿ ಜಿಗದಿರ್ತಾವ, ಪ್ರೂಫ್ ನೋಡ್ಲಿಕ್ಕೇಬೇಕು, ಕರ್ತನು ಅನ್ನೂದು ಏನೇನೋ ಆಗಿ ಬಂದಿರ್ತದ. ಸೈಜು ಡೆಮ್ಮಿ 1/8 (ಸಾಮಾನ್ಯ ಪುಸ್ತಕದ ಅಳತಿ) ಸಾಕು. ಅಚ್ಚು 16 ಪುಟದ ಫಾರ್ಮ್ ಲೆಕ್ಕದಾಗ ನಡೀತದ, 161 ಪುಟ ಆದ್ರ ಒಂದು ಪುಟದ ಸಲುವಾಗಿ ಇನ್ನೊಂದು ಫಾರ್ಮಿನ ಗೋಳು, ಅದಕ್ಕ ಪುಟ ಹೊಂದಿಸಿ ನಿಲ್ಲಸ್ರಿ. ಗದಗ ಹತ್ರಾನ ಅದ, ಪ್ರೆಸ್ ಭಾಳ ಅದಾವ ಅಲ್ಲೆ, ಎರಡ್ಮೂರ ಕಡೆ ರೇಟ್ ಕೇಳ್ರಿ. ಮೊದಲಿಗೇ ಸಾವಿರ ಕಾಪಿ ಹಾಕಿಸಬ್ಯಾಡ್ರಿ, ಎಷ್ಟೋ ಮಂದಿ ಲೇಖಕರ ಮನ್ಯಾಗ ಮಂಚದ ಕೆಳಗ ಬಂಡಲ್ ನೋಡೀನಿ. ಐಎಸ್‌ಬಿಎನ್, ಅಂದ್ರ ಪುಸ್ತಕದ ಗುರುತಿನ ನಂಬರ್ ಸರ್ಕಾರದಿಂದ ಪುಕ್ಕಟ ಸಿಗ್ತದ, ಆನ್‌ಲೈನ್ ಅರ್ಜಿ, ಅದಕ್ಕ ಯಾರಾರ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಅಚ್ಚಾದ ಮ್ಯಾಲ ಕೋಲ್ಕತಾ ನ್ಯಾಷನಲ್ ಲೈಬ್ರರಿಗೆ ಒಂದು ಕಾಪಿ ಕಳಸೂದು ಕಾಯ್ದೆ ಅದ, 1954ರದು, ಭಾಳ ಮಂದಿ ಕಳಸೂದಿಲ್ಲ, ನೀವು ಕಳಸ್ರಿ. ಹಳೇ ಫೋಟೋ ಇದ್ರ ವಾಟ್ಸಾಪಿನ್ಯಾಗ ಫೋಟೋ ಅಂತ ಕಳಸಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾಂದ್ರ ಅಚ್ಚಿನ್ಯಾಗ ಮಾರಿ ತಿಳಿಯಂಗಿಲ್ಲ.

ಮಗ್ಗದಮನಿ (ಬಾಗಲಕೋಟಿ)

ಎಲ್ಲಾರಿಗೂ ಉಪಕಾರ ಆತು. ನಾಕ ದಿವಸ ಸುಮ್ನ ಇದ್ನಿ. ಮಾಸ್ತರ ಹೇಳಿದಂಗ ಬರದೇನಿ, ಇದ್ದಂಗ ಹಾಕಾಕತ್ತೇನಿ, ಊರ ಹೆಸರ ಬಿಟ್ಟೇನಿ.

ಮೂರ ದಿವಸ ಬಿಡದ ಮಳಿ. ನಮ್ಮ ಕಡೆ ಮಣ್ಣಿನ ಗ್ವಾಡಿ, ಮ್ಯಾಲ ಮೇಲ್ಮುದ್ದಿ, ಎಂಥಾ ಬಿಸಲಿಗೂ ಒಳಗ ತಣ್ಣಗ ಇರ್ತೈತಿ ಆದ್ರ ಹಿಂಗ ಜಡಿ ಹಿಡದ್ರ ಮ್ಯಾಲಿನ ಮಣ್ಣು ನೀರ ಕುಡದು ಕುಡದು ಭಾರ ಆಗ್ತೈತಿ, ತೊಲಿ ತಡಕೊಳ್ಳಂಗಿಲ್ಲ. ನಸುಕಿನ್ಯಾಗ ಬಿತ್ತು. ಹುಡುಗಗ ಎಂಟ ವರ್ಷ, ಅಜ್ಜಿ ಮಗ್ಗಲ್ದಾಗ ಮಲಗಿದ್ದ, ಇಬ್ಬರೂ ಹೋದ್ರು. ಎರಡ ದಿನ ಮೊದಲ ನಾ ಆ ಮನಿಯಾಗ ಕುಂತು ಚಾ ಕುಡದಿದ್ನಿ, "ಐನೋರ ಮ್ಯಾಲ ಸ್ವಲ್ಪ ಸೋರಾಕತ್ತೇತಿ" ಅಂದಿದ್ಲು ಮುದುಕಿ, ನಾ ಪ್ರಾರ್ಥನಾ ಮಾಡಿ ಎದ್ದ ಬಂದ್ನಿ. ಸಾಲಿಗೆ ಹೋಗಿ ಮಲಗ್ರಿ ಅಂತ ಹೇಳಬೇಕಿತ್ತು. ಪ್ರಾರ್ಥನಾ ಮಾಡಿ ಬಂದ್ನಿ.

ಸಮಾಧಿ ಭೂಮಿಯಾಗ ಕುಣಿ ತೋಡಿದಂಗ ನೀರು. ಬಕೆಟ್ಟಿನಿಂದ ಎತ್ತಿ ಹಾಕೂದು, ಮತ್ತ ಒಸರೂದು. ಕಡೀಕ ನೀರಾಗ ಇಟ್ವಿ. ಪುನರುತ್ಥಾನದ ವಾಕ್ಯ ನಾನ ಓದಿದ್ನಿ, ಗಟ್ಟಿಯಾಗಿ ಓದಿದ್ನಿ, ಮಳಿ ಸಪ್ಪಳದಾಗ ಕೇಳಬೇಕಲ್ಲ. ಮನಿಗೆ ಬಂದು ರಾತ್ರಿ ಮೊಳಕಾಲ ಊರಿದ್ರ ಮಾತ ಬರ್ಲಿಲ್ಲ. ಮರದಿನಾನೂ ಬರ್ಲಿಲ್ಲ.

ಹಂಗ ಹೋದ್ವು ತಿಂಗಳು. ಒಂದಿನ ಆಸ್ಪತ್ರ್ಯಾಗ ಒಬ್ಬಾಕಿ ಮುದುಕಿ ನೋಡಾಕ ಹೋಗಿದ್ನಿ. ವಾಡಿಕಿ ಏನು, 23ನೇ ಕೀರ್ತನಿ, "ಯೆಹೋವನು ನನಗೆ ಕುರುಬನು." ಬಾಯಿ ತಗದ್ರ ಆಗ್ಲಿಲ್ಲ. ಆ ಹುಡುಗ ಸಂಡೇ ಸ್ಕೂಲಿನ್ಯಾಗ ಅದನ್ನ ಬಾಯಿಪಾಠ ಹೇಳಿ ಪೆನ್ಸಿಲ್ ಡಬ್ಬಿ ಗೆದ್ದಿದ್ದ. ಹಾಳಿ ತಿರುವಿ 88ನೇದು ಓದಿದ್ನಿ. ಓದಿದವರಿಗೆ ಗೊತ್ತು, ಉಳದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕಡೀಕ ಎಲ್ಲೋ ಒಂದ ಕಡೆ ತಿರಗತಾವ, ಇದು ತಿರಗಂಗಿಲ್ಲ, ಕತ್ತಲದಾಗ ಶುರು ಕತ್ತಲದಾಗ ಮುಗೀತೈತಿ. ಪೂರ್ತಿ ಓದಿ ಪುಸ್ತಕ ಮುಚ್ಚಿದ್ನಿ, ಪ್ರಾರ್ಥನಾ ಮಾಡ್ಲಿಲ್ಲ. ಮುದುಕಿ ನನ್ನ ಮಾರಿ ನೋಡಿ ಅಂದ್ಲು, "ಇಂಥಾದೂ ಬೈಬಲ್‌ದಾಗ ಐತೇನೋ ಯಪ್ಪಾ? ಇಷ್ಟ ವರ್ಷ ಯಾಕ ಓದಲಿಲ್ಲ ನೀ?"

ಅವತ್ತ ಎಲ್ಲಾ ಸರಿ ಆತು ಅಂತ ಬರದ್ರ ಸುಳ್ಳ ಆಗ್ತೈತಿ. ವಾಪಸ್ ಬರೂ ಬಸ್ಸಿನ್ಯಾಗ ನಿದ್ದಿ ಬಂತು, ಸ್ಟಾಪ್ ದಾಟಿ ಹೋದ್ನಿ, ಅಷ್ಟ.

ಕನ್ನಡ ಮಾಸ್ತರ (ಜಮಖಂಡಿ)

ಕೆಂಪು ಪೆನ್ನು ಕೆಳಗ ಇಟ್ಟೀನಿ. "ಕುಣಿ" ಅನ್ನೂದು ಮುತ್ಯಾನ ಮಗ್ಗಕ್ಕೂ ಬಂತು, ಇಲ್ಲೂ ಬಂತು. ನೀವು ಬೇಕಂತ ಮಾಡಿಲ್ಲ ಅಂತ ಗೊತ್ತು. ಎರಡನ್ನೂ ಹಂಗ ಬಿಡ್ರಿ, ವಿವರಣಿ ಕೊಡ್ಲಿಕ್ಕ ಹೋಗಬ್ಯಾಡ್ರಿ.

ಹಳೇ ಸೇವಕ (ವಿಜಯಪುರ)

ಬ್ರದರ್, ನಿನ್ನೆ ರಾತ್ರಿ ಓದಿದೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಸಣ್ಣ ಸಭಾಕ್ಕ ಇದು ಭಾರ ಆಗ್ತದ ಅಂತ ಈಗ್ಲೂ ಅನಸ್ತದ. ಆದ್ರ ಬೆಳಿಗ್ಗೆ ಎದ್ದು 88 ತಗದು ಓದಿದೆ. ನಲವತ್ತ ವರ್ಷದ ಸೇವಾದಾಗ ನಾನೂ ಒಂದ ಸಲ ಪುಲ್ಪಿಟ್ಟಿನ ಮ್ಯಾಲ ಓದಿಲ್ಲ ಇದನ್ನ. ಆ ತಂದಿ ತಾಯಿ ಇನ್ನೂ ಇದ್ರ ಮೊದಲ ಅವರಿಗೆ ತೋರಿಸ್ರಿ, ಅವರು ಹೂಂ ಅಂದ್ರ ಮಾತ್ರ ಅಚ್ಚು.

ಪಾಸ್ಟರ್ ಮಗಳು (ಬೆಳಗಾವಿ, ಟಿಳಕವಾಡಿ)

ಅಂಕಲ್ ನಾ ಆಫೀಸಿನ್ಯಾಗ ಓದಿ ಬಾತ್‌ರೂಮಿಗೆ ಎದ್ದ ಹೋದ್ನಿ. ಆದ್ರೂ ಕೇಳ್ತೇನಿ, ಆಂಟಿ ಎಲ್ಲಿ?

ಮಗ್ಗದಮನಿ (ಬಾಗಲಕೋಟಿ)

ಹಿರಿಯರು ಹೇಳಿದ್ದ ಖರೆ, ಆ ಹುಡುಗನ ಅಪ್ಪ ಅವ್ವ ಈಗ ನವನಗರದಾಗ ಅದಾರ, ಬರೂ ವಾರ ಹೋಗ್ತೇನಿ.

ತಂಗಿ, ನಿನ್ನ ಮಾತಿಗೆ ನಿನ್ನೆ ರಾತ್ರಿ ಊಟ ಆದ ಮ್ಯಾಲ ಇದನ್ನೆಲ್ಲಾ ನಮ್ಮ ಮನಿಯಾಕಿಗೆ ಓದಿ ಹೇಳಿದ್ನಿ. ಹದಿನೈದ ವರ್ಷ ಮುಚ್ಚಿಟ್ಟಿದ್ದು, ಕೈ ನಡಗತಿತ್ತು. ಆಕಿ ಶೇಂಗಾ ಸುಲೀತಿದ್ಲು, ತಲಿ ಎತ್ತಲಿಲ್ಲ. ಮುಗದ ಮ್ಯಾಲ ಅಂದ್ಲು, "ಹದಿನಾಲ್ಕಲ್ಲ, ಹದಿನೇಳ ತಿಂಗಳ." ಹೆಂಗ ಅಂದ್ರ, "ಜಳಕಾ ಮಾಡೂ ಮುಂದ ಹಾಡೂದ ಬಿಟ್ಟಿದ್ರಿ. ಮತ್ತ ಹಾಡಿದ್ದು ಹೋಳಿ ಆದ ಮರದಿನ. ಆಸ್ಪತ್ರಿಗೆ ಹೋಗಿ ಬಂದಾಗ ನಿಮ್ಮ ಬಿಳೇ ಅಂಗಿ ತುಂಬ ಬಣ್ಣ ಇತ್ತು, ಹಲಗಿ ಬಾರಸಾಕತ್ತಿದ್ರು, ಸ್ಟಾಪ್ ತಪ್ಪಿ ನಡ್ಕೊಂಡ ಬಂದಿದ್ರಿ. ಆ ಬಣ್ಣ ಹೋಗ್ಲೇ ಇಲ್ಲ, ಅಂಗಿ ಒರಸಾಕ ಮಾಡಿದ್ನಿ." ನಾ ಕ್ರಿಸ್‌ಮಸ್ ಹತ್ರ ಅಂತ ತಿಳ್ಕೊಂಡಿದ್ನಿ. ಎದ್ದು 2011ರ ಡೈರಿ ತಗದ್ನಿ, ಮಾರ್ಚ್ ತಿಂಗಳದಾಗ ಐತಿ, ಆಸ್ಪತ್ರಿ ಅಂತ ಒಂದ ಶಬ್ದ ಬರದೇನಿ, ಬ್ಯಾರೆ ಏನೂ ಇಲ್ಲ.

ಡಿಟಿಪಿ ಅಣ್ಣಾರ, ಆಕಿ ಹೇಳಿದ್ದನ್ನ ಆಕಿ ಮಾತಿನ್ಯಾಗ ಹಾಕಬೇಕು ಅಂತ ಮಾಡೇನಿ, ಇನ್ನೂ ಭಾಳ ಹೇಳ್ಯಾಳ, ಕೆಲವೊಂದ ನನಗ ತಡಕೊಳ್ಳಾಕ ಕಷ್ಟ ಅದಾವ. ಅದಕ್ಕ ಅಕ್ಷರ ಬ್ಯಾರೆ ನಮೂನಿ ಇಡಬೇಕೇನು, ಸಣ್ಣದು, ಓರೆ, ಹಂಗೇನಾರ?

ಡಿಟಿಪಿ ಕೆಲಸದಾಂವ (ವಿಜಯಪುರ)

ಬ್ಯಾಡ ಸರ್, ಅದೇ ಅಕ್ಷರ ಅದೇ ಸೈಜು ಇಡ್ರಿ, ಕನ್ನಡದಾಗ ಓರೆ ಅಕ್ಷರ ಚಂದ ಕಾಣಂಗಿಲ್ಲ. ಎಷ್ಟು ಪುಟ ಹೆಚ್ಚಾಗ್ತದ ಅಂತ ಮೊದಲ ಹೇಳ್ರಿ, ಫಾರ್ಮ್ ಲೆಕ್ಕ ಹಾಕಬೇಕು. ಮತ್ತ ನಿನ್ನೆ ನೀವು ಕಳಸಿದ್ದು ಸ್ಕ್ರೀನಿನ ಫೋಟೋ ಹೊಡದದ್ದು, ಫೈಲ್ ಅಲ್ಲ. ಫೈಲ್ ಕಳಸ್ರಿ.